ಟಾರ್ನಡೊ ಒಳಗೆ ಸಿಕ್ಕಿಕೊಂಡ್ರೆ ಏನಾಗತ್ತೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಟಾರ್ನಡೊ (ಗುಡುಗು ಮೋಡದಿಂದ ನೆಲಕ್ಕೆ ಇಳಿಯೋ ಗಾಳಿ ಸುಳಿ) ಒಳಗೆ ಸಿಕ್ಕಿಕೊಂಡ್ರೆ ಏನಾಗತ್ತೆ ಅಂತ ಬಂದ ಒಂದು ಪ್ರಶ್ನೆಗೆ ನಾಲ್ಕೇ ಸಾಲಲ್ಲಿ ಉತ್ತರ ಬರೆದು ಮುಗಿಸಿದ್ದೆ. ಅದು ಯಾರಿಗೂ ಸಾಕಾಗಿಲ್ಲ ಅಂತ ಆಮೇಲೆ ಬಂದ ಪತ್ರಗಳನ್ನ ನೋಡಿ ಗೊತ್ತಾಯ್ತು. ಅದರಲ್ಲೂ ಮಕ್ಕಳು ಅಮೆರಿಕದಲ್ಲಿರೋ ತಂದೆತಾಯಿಗಳು ತುಂಬಾ ಜನ ಬರೆದಿದ್ದಾರೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಇದಕ್ಕೇ.

ಪ್ರಶ್ನೆ: ನಮಸ್ಕಾರ ಸರ್. ನನ್ನ ಮಗ ಒಕ್ಲಹೋಮದಲ್ಲಿ ಎಂಎಸ್ ಓದ್ತಿದ್ದಾನೆ, ಅಪಾರ್ಟ್‌ಮೆಂಟಲ್ಲಿ ಮೂರನೇ ಫ್ಲೋರು. ಮೊನ್ನೆ ಫೋನಲ್ಲಿ ಮಾತಾಡ್ತಿರುವಾಗಲೇ ಹಿಂದೆ ಸೈರನ್ ಕೂಗೋದು ಕೇಳಿಸ್ತು. ನನಗೆ ಕೈಕಾಲು ನಡುಗಿದ್ರೆ ಅವನು "ಅಮ್ಮ, ಇಲ್ಲಿ ಇದೆಲ್ಲ ಮಾಮೂಲಿ, ಎಲ್ಲರೂ ಬಾಲ್ಕನೀಲಿ ನಿಂತು ನೋಡ್ತಾರೆ" ಅಂತಾನೆ. ಅವನಿಗೆ ಏನು ಹೇಳ್ಲಿ?

ಉತ್ತರ: ತಾಯಿ, ಮೊದಲು ಸ್ವಲ್ಪ ಸಮಾಧಾನದ ಮಾತು. ಒಕ್ಲಹೋಮ ಸಿಟಿ ಕಡೆ ಶನಿವಾರ ಮಧ್ಯಾಹ್ನ 12 ಗಂಟೆಗೆ ಸೈರನ್ ಟೆಸ್ಟ್ ಮಾಡ್ತಾರೆ, ನೀವು ಕೇಳಿದ್ದು ಅದೇ ಆಗಿದ್ರೂ ಆಗಿರಬಹುದು. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1200 ಟಾರ್ನಡೊ ಆಗತ್ತೆ, ಅದರಲ್ಲಿ ಬಹುಪಾಲು ಸಣ್ಣವು, ನಾಲ್ಕು ಮರ ಬೀಳಿಸಿ ಹೋಗೋವು. ಇಡೀ ದೇಶಕ್ಕೆ ಟಾರ್ನಡೊ ಮುನ್ಸೂಚನೆ ಕೊಡೋ ಕೇಂದ್ರ ಇರೋದೂ ಅದೇ ರಾಜ್ಯದ ನಾರ್ಮನ್ ಊರಲ್ಲಿ, ಹಾಗಾಗಿ ಎಚ್ಚರಿಕೆ ವಿಷಯದಲ್ಲಿ ನಿಮ್ಮ ಮಗ ಒಳ್ಳೇ ಜಾಗದಲ್ಲೇ ಇದ್ದಾನೆ.

ಆದ್ರೆ ಬಾಲ್ಕನಿ ವಿಷಯ ಓದಿ ನನಗೆ ಬೇಜಾರಾಯ್ತು, ಯಾಕಂದ್ರೆ ಜನ ಸಾಯೋದೇ ಹೀಗೆ. 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್ ಊರಿಗೆ ದೊಡ್ಡ ಟಾರ್ನಡೊ ನುಗ್ಗಿ 158 ಜನ ಸತ್ತರು. ಅಲ್ಲಿ ಮೊದಲ ಸೈರನ್ ಕೂಗಿದ ಮೇಲೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಟೈಮ್ ಇತ್ತು. ಆಮೇಲೆ ತನಿಖೆ ಮಾಡಿದವರು ಬದುಕುಳಿದವರನ್ನ ಮಾತಾಡಿಸಿದಾಗ ಸುಮಾರು ಜನ ಹೇಳಿದ್ದು ಒಂದೇ: ಸೈರನ್ ಕೇಳಿಸ್ತು, ಆದ್ರೆ ಅದು ಆಗಾಗ ಕೂಗ್ತಾನೇ ಇರತ್ತಲ್ಲ ಅಂತ ಟೀವಿ ಹಾಕಿ ನೋಡಿದ್ವಿ, ಯಾರಿಗೋ ಫೋನ್ ಮಾಡಿದ್ವಿ, ಹೊರಗೆ ಬಂದು ಆಕಾಶ ನೋಡಿದ್ವಿ. ಮಳೆ ಪರದೆ ಹಿಂದೆ ಅಡಗಿಕೊಂಡು ಬಂದಿದ್ದರಿಂದ ಆಕಾಶ ನೋಡಿದವರಿಗೂ ಅದು ಟಾರ್ನಡೊ ಅಂತ ತಿಳೀಲಿಲ್ಲ. ನಾವು ಚಿತ್ರದಲ್ಲಿ ನೋಡೋ ಆನೆ ಸೊಂಡಿಲಿನ ಆಕಾರ ಎಲ್ಲಾ ಸಲ ಕಾಣಲ್ಲ, ಎಷ್ಟೋ ಸಲ ಅದು ಒಂದು ಕಪ್ಪು ಗೋಡೆ ಥರ ಇರತ್ತೆ ಅಷ್ಟೆ. ಇನ್ನೊಂದು ಮೋಸ ಏನಂದ್ರೆ, ಸೊಂಡಿಲು ಕಂಡ್ರೂ ಅದು ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ ನಿಂತಲ್ಲೇ ನಿಂತ ಹಾಗೆ ಕಾಣಿಸಿದ್ರೆ ಅದು ನಿಂತಿಲ್ಲ, ನೇರವಾಗಿ ನಿಮ್ಮ ಕಡೆಗೇ ಬರ್ತಿದೆ ಅಂತ. ಬಾಲ್ಕನೀಲಿ ನಿಂತವರಿಗೆ ಇದು ಗೊತ್ತಾಗೋ ಹೊತ್ತಿಗೆ ತಡ ಆಗಿರತ್ತೆ.

ಅವನಿಗೆ ಎರಡು ಪದಗಳ ವ್ಯತ್ಯಾಸ ಗೊತ್ತಿದೆಯಾ ಕೇಳಿ. ಟಾರ್ನಡೊ ವಾಚ್ ಅಂದ್ರೆ ಇವತ್ತು ಆಗೋ ಸಾಧ್ಯತೆ ಇದೆ, ಫೋನ್ ಚಾರ್ಜ್ ಮಾಡಿಟ್ಕೊಂಡು ಗಮನ ಇಟ್ಟಿರಿ ಅಂತ. ಟಾರ್ನಡೊ ವಾರ್ನಿಂಗ್ ಅಂದ್ರೆ ರಾಡಾರ್‌ನಲ್ಲಿ ಕಂಡಿದೆ ಇಲ್ಲಾ ಯಾರೋ ಕಣ್ಣಾರೆ ನೋಡಿದ್ದಾರೆ, ಈಗಲೇ ಒಳಗೆ ಹೋಗಿ ಅಂತ. ವಾರ್ನಿಂಗ್ ಬಂದ ಮೇಲೆ ಸಿಗೋ ಟೈಮು ಸರಾಸರಿ ಹತ್ತು ನಿಮಿಷದ ಆಸುಪಾಸು, ಒಂದೊಂದು ಸಲ ಅದೂ ಇರಲ್ಲ. ಅಷ್ಟರಲ್ಲಿ ಎಲ್ಲಿಗೆ ಹೋಗೋದು ಅಂತ ಯೋಚಿಸ್ತಾ ಕೂತ್ಕೊಳ್ಳೋಕಾಗಲ್ಲ, ಮೊದಲೇ ತೀರ್ಮಾನ ಮಾಡಿಟ್ಟಿರಬೇಕು.

ಮೂರನೇ ಫ್ಲೋರಲ್ಲಿರೋ ಹುಡುಗ ಇವತ್ತೇ ಕೆಳಗಿನ ಫ್ಲೋರಿನವರ ಪರಿಚಯ ಮಾಡ್ಕೊಂಡು "ಸೈರನ್ ಆದ್ರೆ ನಿಮ್ಮನೇಗೆ ಬರ್ಲಾ" ಅಂತ ಕೇಳಿಟ್ಟಿರಲಿ, ನಾಚಿಕೆ ಪಡೋ ವಿಷಯ ಅಲ್ಲ ಇದು, ಅಲ್ಲಿನವರು ಇಲ್ಲ ಅನ್ನಲ್ಲ. ಕಟ್ಟಡದಲ್ಲಿ ಬೇಸ್‌ಮೆಂಟ್ ಇದ್ರೆ ಅದೇ ಬೆಸ್ಟು. ಇಲ್ಲಾಂದ್ರೆ ಎಲ್ಲಕ್ಕಿಂತ ಕೆಳಗಿನ ಫ್ಲೋರಲ್ಲಿ, ಕಿಟಕಿ ಇಲ್ಲದ, ಹೊರಗಿನ ಗೋಡೆಗೆ ತಾಗದ ಚಿಕ್ಕ ಜಾಗ. ಒಳಗಿನ ಬಾತ್‌ರೂಮು, ಬಟ್ಟೆ ಇಡೋ ಕ್ಲೋಸೆಟ್ಟು, ಮೆಟ್ಟಿಲ ಕೆಳಗಿನ ಸಂದು. ಚಿಕ್ಕ ರೂಮು ಯಾಕೆ ಅಂದ್ರೆ ಗೋಡೆಗಳು ಹತ್ತಿರ ಹತ್ತಿರ ಇದ್ದಷ್ಟೂ ಒಂದಕ್ಕೊಂದು ಆಸರೆ, ದೊಡ್ಡ ಹಾಲಿನ ಮೇಲಿನ ಚಾವಣಿ ಬೀಳೋ ಹಾಗೆ ಅದು ಸುಲಭಕ್ಕೆ ಬೀಳಲ್ಲ.

ಒಂದ್ಸಲ ಕ್ಯಾನ್ಸಸ್‌ನಲ್ಲಿ ಗೆಳೆಯರ ಮನೇಲಿ ನಾಲ್ಕು ದಿನ ಇದ್ದೆ. ಮೊದಲ ದಿನವೇ ಅವರ ಹೆಂಡತಿ ಕಾಫಿ ಕೊಡೋಕೂ ಮುಂಚೆ ಕರ್ಕೊಂಡು ಹೋಗಿ ಮೆಟ್ಟಿಲ ಕೆಳಗಿನ ಗೂಡು ತೋರಿಸಿದ್ರು. ಬಾಗಿಲು ತೆಗೆದ್ರೆ ಮೊಳೆಗೆ ನೇತುಹಾಕಿದ ನಾಲ್ಕು ಸೈಕಲ್ ಹೆಲ್ಮೆಟ್ಟು, ಅದರಲ್ಲಿ ಒಂದು ಗುಲಾಬಿ ಬಣ್ಣದ್ದು, ಮೂರು ವರ್ಷದ ಮಗೂದು. ಕೆಳಗೆ ಹಳೇ ಶೂಗಳು ಸಾಲಾಗಿ, ಒಂದು ಟಾರ್ಚು, ನೀರಿನ ಬಾಟ್ಲಿ, ದಾರಕ್ಕೆ ಕಟ್ಟಿದ ಒಂದು ಪೀಪಿ. "ಮನೆ ಕುಸಿದು ಕೆಳಗೆ ಸಿಕ್ಕಿಕೊಂಡ್ರೆ ಕೂಗಿ ಕೂಗಿ ಗಂಟಲು ಹೋಗತ್ತೆ, ಪೀಪಿ ಊದಿದ್ರೆ ಕೇಳಿಸತ್ತೆ" ಅಂದ್ರು. ನಾನು ಅವತ್ತಿಂದ ಆ ಗೂಡನ್ನ ಮರೆತಿಲ್ಲ. ನಿಮ್ಮ ಮಗನಿಗೂ ಒಂದು ಹೆಲ್ಮೆಟ್ಟು, ಗಟ್ಟಿ ಶೂ, ಒಂದು ಪೀಪಿ ಇಟ್ಕೊಳ್ಳೋಕೆ ಹೇಳಿ, ಹೆಲ್ಮೆಟ್ ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಪ್ರಶ್ನೆ: ಟಾರ್ನಡೊದಲ್ಲಿ ಜನ ಸಾಯೋದು ಗಾಳಿ ಮೇಲಕ್ಕೆ ಎತ್ತಿ ಕೆಳಗೆ ಎಸೆಯೋದರಿಂದಾನಾ? ನಾವು ಫ್ರೆಂಡ್ಸ್ ಮಧ್ಯೆ ಇದೇ ವಾದ ಆಗಿದೆ.

ಉತ್ತರ: ಎತ್ತಿ ಎಸೆಯೋದೂ ಇದೆ, ಆದ್ರೆ ಹೆಚ್ಚಿನ ಜನರನ್ನ ಕೊಲ್ಲೋದು ಗಾಳಿ ಹೊತ್ಕೊಂಡು ಬರೋ ಸಾಮಾನು ಮತ್ತೆ ಕುಸಿದು ಮೈಮೇಲೆ ಬೀಳೋ ಕಟ್ಟಡ. ಟಾರ್ನಡೊ ಒಂದು ಮನೆ ಒಡೆದ್ರೆ ಆ ಮನೆಯ ಪ್ರತಿ ಹಲಗೆ, ಹೆಂಚು, ಮೊಳೆ, ಗಾಜು, ಕುರ್ಚಿ ಎಲ್ಲಾ ಅದರ ಕೈಗೆ ಸಿಕ್ಕ ಆಯುಧ ಆಗತ್ತೆ, ಅದನ್ನ ಹಿಡ್ಕೊಂಡು ಪಕ್ಕದ ಮನೆಗೆ ಹೊಡೆಯತ್ತೆ, ಅಲ್ಲಿಂದ ಇನ್ನಷ್ಟು ಸಾಮಾನು.

ಲೆಕ್ಕ ನೋಡಿ. ಗಾಳಿಯ ವೇಗ ಎರಡರಷ್ಟಾದ್ರೆ ಅದರ ಒತ್ತಡ ನಾಲ್ಕರಷ್ಟಾಗತ್ತೆ, ಎರಡಲ್ಲ. ನೀವು ಗಂಟೆಗೆ 60 ಕಿ.ಮೀ. ಸ್ಪೀಡಲ್ಲಿ ಬೈಕ್ ಓಡಿಸುವಾಗ ಎದೆಗೆ ಹೊಡೆಯೋ ಗಾಳಿ ಗೊತ್ತಲ್ಲ. 1999ರ ಮೇ 3ರಂದು ಒಕ್ಲಹೋಮದ ಬ್ರಿಜ್ ಕ್ರೀಕ್, ಮೂರ್ ಕಡೆ ಆದ ಟಾರ್ನಡೊದಲ್ಲಿ ಲಾರಿ ಮೇಲೆ ಕೂರಿಸಿದ, ದೂರದಿಂದಲೇ ಗಾಳಿ ವೇಗ ಅಳೆಯೋ ಡಾಪ್ಲರ್ ರಾಡಾರ್‌ಗೆ ಸಿಕ್ಕ ಲೆಕ್ಕ ಗಂಟೆಗೆ ಸುಮಾರು 480 ಕಿ.ಮೀ. ಬೈಕಿನ ಗಾಳಿಗಿಂತ ವೇಗ ಎಂಟು ಪಟ್ಟು, ಅಂದ್ರೆ ಎದೆಗೆ ಹೊಡೆಯೋ ಒತ್ತಡ 64 ಪಟ್ಟು. ಅದರಲ್ಲಿ ನಿಲ್ಲೋ ಮಾತಿರಲಿ, ಉರುಳಿಕೊಂಡು ಹೋಗ್ತಾ ದಾರೀಲಿ ಸಿಕ್ಕ ಸಿಕ್ಕದ್ದಕ್ಕೆಲ್ಲಾ ಬಡ್ಕೊಳ್ತೀವಿ.

ಅಮೆರಿಕದಲ್ಲಿ ಸೇಫ್ ರೂಮ್ ಅಂತ ಗಟ್ಟಿ ಕೋಣೆ ಕಟ್ತಾರೆ, ಅದರ ಗೋಡೆ ಪಾಸಾ ಫೇಲಾ ಅಂತ ನೋಡೋ ಪರೀಕ್ಷೆ ಕೇಳಿದ್ರೆ ಅಪಾಯ ಏನು ಅಂತ ಅರ್ಥ ಆಗತ್ತೆ. ಸುಮಾರು ಏಳು ಕಿಲೋ ತೂಕದ ಉದ್ದನೆ ಮರದ ರೀಪನ್ನ ಗಾಳಿ ಫಿರಂಗೀಲಿಟ್ಟು ಗಂಟೆಗೆ 160 ಕಿ.ಮೀ. ವೇಗದಲ್ಲಿ ಗೋಡೆಗೆ ಹೊಡೀತಾರೆ. ಮಾಮೂಲಿ ಇಟ್ಟಿಗೆ ಹೊದಿಕೆಯ ಮನೆ ಗೋಡೆಯನ್ನ ಅದು ತೂರಿಕೊಂಡು ಹೋಗತ್ತೆ. ಗೋಡೆ ಗತಿಯೇ ಹೀಗಾದ್ರೆ ಮನುಷ್ಯನ ತಲೆಬುರುಡೆ ಏನು ಹೇಳಿ. ಸತ್ತವರಲ್ಲಿ ತಲೆ, ಕುತ್ತಿಗೆ ಪೆಟ್ಟು ತುಂಬಾ ಸಾಮಾನ್ಯ. 2011ರ ಏಪ್ರಿಲ್ ಕೊನೇ ವಾರ ಅಲಬಾಮ ಮತ್ತೆ ಸುತ್ತಲಿನ ರಾಜ್ಯಗಳಲ್ಲಿ ಒಂದಾದ ಮೇಲೊಂದು ಟಾರ್ನಡೊ ಬಂದು 300ಕ್ಕೂ ಹೆಚ್ಚು ಜನ ಸತ್ತ ಮೇಲೆ ಅಲ್ಲಿನ ವಿಶ್ವವಿದ್ಯಾಲಯದ ಗಾಯಗಳ ಸಂಶೋಧಕರು ಮನೇಲಿರೋ ಯಾವ ಹೆಲ್ಮೆಟ್ ಆದ್ರೂ ಸರಿ, ಬೈಕ್‌ದೋ ಕ್ರಿಕೆಟ್‌ದೋ, ಹಾಕ್ಕೊಳ್ಳಿ ಅಂತ ಹೇಳೋಕೆ ಶುರು ಮಾಡಿದ್ರು. ಹೆಲ್ಮೆಟ್ ಹುಡುಕ್ತಾ ಟೈಮ್ ಕಳೀಬಾರದು ಅಷ್ಟೆ, ಅದು ಅಡಗೋ ಜಾಗದಲ್ಲೇ ಇರಬೇಕು. ಹಾಸಿಗೆ, ದಪ್ಪ ರಗ್ಗು ಮೇಲೆ ಎಳ್ಕೊಳ್ಳೋದೂ ಒಳ್ಳೇದು.

ಪ್ರಪಂಚದಲ್ಲೇ ಅತಿ ಹೆಚ್ಚು ಜನರನ್ನ ಕೊಂದ ಟಾರ್ನಡೊ ಅಮೆರಿಕದ್ದಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅದು ಆಗಿದ್ದು ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಕಡೆ, 1989ರ ಏಪ್ರಿಲ್ 26ರಂದು, ಸತ್ತವರು ಸುಮಾರು 1300. ಅಮೆರಿಕದ ಅತಿ ದೊಡ್ಡ ದುರಂತ 1925ರ ಮಾರ್ಚ್ 18ರದ್ದು, ಮೂರು ರಾಜ್ಯ ದಾಟಿ ಸುಮಾರು 350 ಕಿ.ಮೀ. ಓಡಿ 695 ಜನರನ್ನ ಬಲಿ ತಗೊಂಡಿತ್ತು. ಬಾಂಗ್ಲಾದ ಹಳ್ಳಿಗಳಲ್ಲಿ ಅಷ್ಟು ಸಾವು ಯಾಕೆ ಅಂದ್ರೆ, ಜನ ಒತ್ತೊತ್ತಾಗಿದ್ದಾರೆ, ಎಚ್ಚರಿಕೆ ಇಲ್ಲ, ನೆಲದ ಕೆಳಗೆ ಕೋಣೆ ಇಲ್ಲ, ಮನೆಗಳು ಮಣ್ಣು ಬಿದಿರಿನವು, ಅದರ ಮೇಲೆ ತಗಡಿನ ಶೀಟು. ಆ ಶೀಟು ಗಾಳೀಲಿ ತಿರುಗ್ತಾ ಬಂದ್ರೆ ಮಚ್ಚಿಗಿಂತ ಭಯಂಕರ. ಬಡವರ ಮನೆಯ ಚಾವಣಿಯೇ ಅವರನ್ನ ಕತ್ತರಿಸತ್ತೆ ಅನ್ನೋದು ನೆನೆಸಿಕೊಂಡ್ರೆ ಹೊಟ್ಟೆ ಉರಿಯತ್ತೆ. ಅಮೆರಿಕದಲ್ಲೂ ಇದೇ ಕಥೆ, ಅಲ್ಲಿ ಕಡಿಮೆ ಆದಾಯದವರು ಇರೋ ಮೊಬೈಲ್ ಹೋಮ್‌ಗಳು, ಅಂದ್ರೆ ಫ್ಯಾಕ್ಟರೀಲಿ ಮಾಡಿ ತಂದು ಇಟ್ಟ ಹಗುರ ಮನೆಗಳು, ತಳಪಾಯಕ್ಕೆ ಸರಿಯಾಗಿ ಬಿಗಿದಿರಲ್ಲ, ಮಧ್ಯಮ ಟಾರ್ನಡೊಗೇ ಮನೆಗೆ ಮನೆಯೇ ಉರುಳಿ ಹೋಗತ್ತೆ. ಮಾಮೂಲಿ ಮನೇಲಿರೋರಿಗೆ ಹೋಲಿಸಿದ್ರೆ ಇವರಿಗೆ ಸಾವಿನ ಅಪಾಯ ಹತ್ತಾರು ಪಟ್ಟು ಹೆಚ್ಚು. ಅಂಥ ಮನೇಲಿರೋರು ವಾಚ್ ಬಂದಾಗಲೇ ಗಟ್ಟಿ ಕಟ್ಟಡಕ್ಕೆ ಹೊರಟುಬಿಡಬೇಕು, ವಾರ್ನಿಂಗ್‌ಗೆ ಕಾಯಬಾರದು.

ಪ್ರಶ್ನೆ: ಕಾರಿದ್ದರೆ ಟಾರ್ನಡೊಗಿಂತ ಜೋರಾಗಿ ಓಡಿಸ್ಕೊಂಡು ತಪ್ಪಿಸ್ಕೊಳ್ಳಬಹುದಲ್ವಾ? ಫ್ಲೈಓವರ್ ಕೆಳಗೆ ನಿಂತ್ರೆ ಸೇಫ್ ಅಂತ ಒಂದು ವಿಡಿಯೋ ನೋಡಿದ ನೆನಪು.

ಉತ್ತರ: ಆ ವಿಡಿಯೋ ನೆನಪಿಂದ ತೆಗೆದುಹಾಕಿಬಿಡಿ ದಯವಿಟ್ಟು. 1991ರ ಏಪ್ರಿಲ್‌ನಲ್ಲಿ ಕ್ಯಾನ್ಸಸ್ ಹೈವೇಯ ಒಂದು ಸೇತುವೆ ಕೆಳಗೆ ಟೀವಿಯವರು ಮತ್ತೆ ಕೆಲವರು ಬಚ್ಚಿಟ್ಟುಕೊಂಡು ಬದುಕಿದ ದೃಶ್ಯ ಅದು, ಜಗತ್ತೆಲ್ಲಾ ಓಡಾಡ್ತು. ಆ ಟಾರ್ನಡೊ ದೊಡ್ಡದೂ ಆಗಿರಲಿಲ್ಲ, ಅವರ ಅದೃಷ್ಟವೂ ಇತ್ತು. ಎಂಟು ವರ್ಷ ಆದ ಮೇಲೆ, ಆಗಲೇ ಹೇಳಿದ 1999ರ ಮೇ 3ರಂದು, ಜನ ಅದನ್ನೇ ನಂಬಿ ಸೇತುವೆಗಳ ಕೆಳಗೆ ಹೋಗಿ ಅಡಗಿಕೊಂಡ್ರು, ಮೂರು ಜನ ಸತ್ತರು, ಉಳಿದ ಸುಮಾರು ಜನಕ್ಕೆ ಭಯಂಕರ ಗಾಯ. ಸೇತುವೆ ಕೆಳಗಿನ ಇಕ್ಕಟ್ಟಿನ ಜಾಗದಲ್ಲಿ ಗಾಳಿ ಇನ್ನೂ ಜೋರಾಗಿ ನುಗ್ಗತ್ತೆ, ಇಳಿಜಾರಿನ ಮೇಲಕ್ಕೆ ಹತ್ತಿ ಕೂತ್ರೆ ಇನ್ನೂ ಎತ್ತರಕ್ಕೆ ಹೋದ ಹಾಗಾಯ್ತು, ನೆಲಕ್ಕಿಂತ ಮೇಲೆ ಹೋದಷ್ಟೂ ಗಾಳಿ ಹೆಚ್ಚು. ಜತೆಗೆ ನಾಲ್ಕು ಕಾರು ಅಲ್ಲಿ ನಿಂತ್ರೆ ಹಿಂದಿನವರಿಗೆ ರಸ್ತೇನೇ ಬಂದ್.

ಇನ್ನು ಕಾರಲ್ಲಿ ಓಡೋ ವಿಷಯ. ಹಗಲಲ್ಲಿ, ಖಾಲಿ ರಸ್ತೇಲಿ, ಟಾರ್ನಡೊ ದೂರ ಕಾಣ್ತಿದ್ರೆ ಅದು ಹೋಗೋ ದಾರಿಗೆ ಅಡ್ಡವಾಗಿ ಬೇರೆ ದಿಕ್ಕಿಗೆ ಹೋಗಿ ತಪ್ಪಿಸ್ಕೊಳ್ಳಬಹುದು, ನಿಜ. ಆದ್ರೆ ಊರಿಗೆ ಊರೇ ಹಾಗೆ ಹೊರಟ್ರೆ? 1979ರ ಏಪ್ರಿಲ್ 10ರಂದು ಟೆಕ್ಸಸ್‌ನ ವಿಚಿಟಾ ಫಾಲ್ಸ್‌ನಲ್ಲಿ 40ಕ್ಕೂ ಹೆಚ್ಚು ಜನ ಸತ್ತರಲ್ಲ, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತಿದ್ದು ವಾಹನಗಳಲ್ಲಿ, ಸುಮಾರು ಜನ ಓಡಿಹೋಗೋಕೆ ಅಂತ ಮನೆ ಬಿಟ್ಟು ಬಂದವರು. ಅವರಲ್ಲಿ ಕೆಲವರ ಮನೆಗೆ ಏನೂ ಆಗಿರಲಿಲ್ಲ. ಇದನ್ನ ಓದಿದಾಗಲೆಲ್ಲಾ ನನಗೆ ಆ ಬೀಗ ಹಾಕಿದ ಖಾಲಿ ಮನೆಗಳೇ ಕಣ್ಮುಂದೆ ಬರ್ತಾವೆ.

2013ರ ಮೇ 31ರ ಎಲ್ ರೀನೊ ಕಥೆ ಇನ್ನೂ ಕಠಿಣ. ಒಕ್ಲಹೋಮದ ಆ ಟಾರ್ನಡೊ ಒಂದು ಹಂತದಲ್ಲಿ 4.2 ಕಿ.ಮೀ. ಅಗಲಕ್ಕೆ ಹಿಗ್ಗಿತ್ತು, ನೋಡನೋಡ್ತಾ ದಿಕ್ಕು ಬದಲಿಸಿತು, ವೇಗ ಹೆಚ್ಚಿಸ್ಕೊಂಡಿತು. ಅದಕ್ಕೆ ಬಲಿಯಾದವರಲ್ಲಿ ಟಿಮ್ ಸಮರಾಸ್, ಅವರ ಮಗ ಪಾಲ್, ಜತೆಗಾರ ಕಾರ್ಲ್ ಯಂಗ್ ಇದ್ರು. ಸಮರಾಸ್ ಅಂದ್ರೆ ಹುಡುಗಾಟಕ್ಕೆ ಟಾರ್ನಡೊ ಹಿಂದೆ ಬಿದ್ದವರಲ್ಲ, ವರ್ಷಗಟ್ಟಲೆ ಅದರ ದಾರೀಲಿ ಅಳತೆ ಉಪಕರಣ ಇಟ್ಟು ಬಂದ ಅನುಭವಿ, ಎಚ್ಚರಿಕೆ ಮನುಷ್ಯ ಅಂತಲೇ ಹೆಸರಾದವರು. ಅಂಥವರ ಕಾರನ್ನೇ ಅದು ನುಂಗಿತು ಅಂದ್ರೆ ಆಫೀಸಿಂದ ಮನೆಗೆ ಹೊರಟು ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡವರ ಪಾಡೇನು. ಅವತ್ತು ಸಂಜೆ ಹೈವೇಗಳು ಓಡಿಹೋಗೋರ ಕಾರುಗಳಿಂದಲೇ ತುಂಬಿ ನಿಂತುಬಿಟ್ಟಿದ್ದವು.

ಹಾಗಾದ್ರೆ ದಾರೀಲಿ ಸಿಕ್ಕಿಕೊಂಡವರು ಏನು ಮಾಡೋದು? ಹತ್ತಿರದಲ್ಲಿ ಯಾವುದೇ ಗಟ್ಟಿ ಕಟ್ಟಡ ಕಂಡ್ರೂ ಒಳಗೆ ನುಗ್ಗಿ. ಏನೂ ಇಲ್ಲ, ಸಾಮಾನು ಹಾರಿ ಬರೋಕೆ ಶುರು ಆಗಿದೆ ಅಂದ್ರೆ ಕಾರು ನಿಲ್ಲಿಸಿ, ಸೀಟ್ ಬೆಲ್ಟ್ ಬಿಗಿಯಾಗಿ ಹಾಕ್ಕೊಂಡು, ತಲೆಯನ್ನ ಕಿಟಕಿ ಗಾಜಿಗಿಂತ ಕೆಳಗೆ ಬಗ್ಗಿಸಿ, ಜಾಕೆಟ್ಟೋ ಬ್ಯಾಗೋ ತಲೆ ಮೇಲೆ ಹಿಡ್ಕೊಳ್ಳಿ. ರಸ್ತೆಗಿಂತ ಚೆನ್ನಾಗೇ ತಗ್ಗಾದ ಜಾಗ ಪಕ್ಕದಲ್ಲೇ ಇದ್ದು ಅಲ್ಲಿಗೆ ಹೋಗೋಕೆ ಆಗತ್ತೆ ಅಂದ್ರೆ ಇಳಿದು ಬೋರಲು ಮಲಗಿ ಎರಡೂ ಕೈಲಿ ತಲೆ ಕುತ್ತಿಗೆ ಮುಚ್ಚಿಕೊಳ್ಳಿ. ಎರಡರಲ್ಲಿ ಯಾವುದೂ ಒಳ್ಳೇ ಜಾಗ ಅಲ್ಲ, ಬೇರೆ ದಾರಿ ಇಲ್ಲದಾಗಿನ ಮಾತು. ಮೋರಿ, ಚರಂಡಿ ಪೈಪಿನ ಒಳಗಂತೂ ಹೋಗಲೇಬೇಡಿ. ಅದೇ ಎಲ್ ರೀನೊ ದಿನ ಒಕ್ಲಹೋಮ ಸಿಟೀಲಿ ಟಾರ್ನಡೊಗೆ ಹೆದರಿ ಮೋರಿ ಒಳಗೆ ಸೇರ್ಕೊಂಡವರು ಮಳೆ ನೀರು ನುಗ್ಗಿ ತೀರಿಹೋದ್ರು.

ಪ್ರಶ್ನೆ: ಟಾರ್ನಡೊ ಒಳಗೆ ಗಾಳಿ ಒತ್ತಡ ಕಮ್ಮಿ ಇರೋದ್ರಿಂದ ಮನೆ ಬಾಂಬ್ ಥರ ಸಿಡಿಯತ್ತೆ, ಹಾಗಾಗಿ ಕಿಟಕಿ ತೆಗೆದಿಡಬೇಕು ಅಂತ ನಾವು ಶಾಲೇಲಿ ಓದಿದ್ವಿ. ಮನೆಯ ನೈರುತ್ಯ ಮೂಲೇಲಿ ಕೂರಬೇಕು ಅಂತಾನೂ ಇತ್ತು. ನೀವು ಹೋದ ಸಲ ಅದನ್ನ ಬರೀಲಿಲ್ಲ.

ಉತ್ತರ: ಬೇಕಂತಲೇ ಬರೀಲಿಲ್ಲ ಸರ್, ಎರಡೂ ತಪ್ಪು. ಆದ್ರೆ ನಿಮ್ಮ ಮೇಷ್ಟ್ರದ್ದು ತಪ್ಪಲ್ಲ, ಒಂದು ಕಾಲದಲ್ಲಿ ಅಮೆರಿಕದ ಸರ್ಕಾರಿ ಪುಸ್ತಕಗಳಲ್ಲೂ ಹಾಗೇ ಇತ್ತು.

ಒತ್ತಡ ಬೀಳೋದು ನಿಜ. ಆಗಲೇ ಹೇಳಿದ ಸಮರಾಸ್ 2003ರ ಜೂನ್ 24ರಂದು ಸೌತ್ ಡಕೋಟದ ಮ್ಯಾಂಚೆಸ್ಟರ್ ಅನ್ನೋ ಪುಟ್ಟ ಊರ ಹತ್ತಿರ ಆಮೆ ಚಿಪ್ಪಿನಾಕಾರದ ತಮ್ಮ ಉಪಕರಣ ಇಟ್ಟು ಓಡಿ ಬಂದ್ರು, ಟಾರ್ನಡೊ ಅದರ ಮೇಲೇ ಹಾದುಹೋಯ್ತು, ಒತ್ತಡ 100 ಮಿಲಿಬಾರ್ ಕುಸಿದಿದ್ದು ದಾಖಲಾಯ್ತು. ಸಮುದ್ರ ಮಟ್ಟದ ಒತ್ತಡ ಸುಮಾರು 1013, ಅಂದ್ರೆ ಹತ್ತರಲ್ಲಿ ಒಂದು ಪಾಲು ಹೋಯ್ತು. ಕಿವಿ ಗುಂಯ್ ಅನ್ನತ್ತೆ, ನೋವಾಗತ್ತೆ, ಬದುಕಿದವರು ಇದನ್ನ ಹೇಳ್ತಾರೆ. ಮನೆ ಸಿಡಿಯಲ್ಲ, ಯಾಕಂದ್ರೆ ಯಾವ ಮನೆಯೂ ಪ್ರೆಶರ್ ಕುಕ್ಕರ್ ಥರ ಮುಚ್ಚಿರಲ್ಲ, ಸಂದುಗೊಂದಲ್ಲಿ ಗಾಳಿ ಆಚೆ ಹೋಗತ್ತೆ, ಇಷ್ಟಕ್ಕೂ ಒತ್ತಡ ಬೀಳೋ ಮುಂಚೆಯೇ ಹಾರಿ ಬಂದ ಸಾಮಾನು ನಿಮ್ಮ ಕಿಟಕಿಗಳನ್ನ ಒಡೆದಿರತ್ತೆ. ಮನೆ ಹೋಗೋದು ಹೇಗಂದ್ರೆ, ಗಾಳಿ ಒಂದು ಕಡೆಯಿಂದ ಒಳಗೆ ನುಗ್ಗಿ ಚಾವಣಿಯನ್ನ ಕೆಳಗಿಂದ ನೂಕತ್ತೆ, ಮೇಲಿಂದ ಹಾದುಹೋಗೋ ಗಾಳಿ ಅದನ್ನೇ ಎತ್ತತ್ತೆ, ಚಾವಣಿ ಹೋದ ಮೇಲೆ ಗೋಡೆಗೆ ಆಸರೆ ಇಲ್ಲ, ಬೀಳತ್ತೆ. ದೂರದಿಂದ ನೋಡಿದವರಿಗೆ ಸಿಡಿದ ಹಾಗೇ ಕಾಣತ್ತೆ. ಕಿಟಕಿ ತೆಗೆದ್ರೆ ಆ ಗಾಳಿಗೆ ನೀವೇ ಬಾಗಿಲು ತೆಗೆದ ಹಾಗೆ. ಅದಕ್ಕಿಂತ ಮುಖ್ಯ, ಕಿಟಕಿ ತೆಗೀತಾ ನಿಂತವರು ಗಾಜಿನ ಎದುರೇ ನಿಂತಿರ್ತಾರೆ.

ನೈರುತ್ಯ ಮೂಲೆ ನಂಬಿಕೆಯ ಬುಡ ಇಷ್ಟೇ: ಅಲ್ಲಿ ಟಾರ್ನಡೊ ಸಾಮಾನ್ಯವಾಗಿ ನೈರುತ್ಯದಿಂದ ಈಶಾನ್ಯಕ್ಕೆ ಹೋಗತ್ತೆ, ಆದ್ದರಿಂದ ಅವಶೇಷ ಎಲ್ಲಾ ಆ ಕಡೆ ಹಾರಿ ಹೋಗಿ ಈ ಮೂಲೆ ಉಳಿಯತ್ತೆ ಅಂತ ಊಹೆ. 1966ರ ಜೂನ್ 8ರಂದು ಕ್ಯಾನ್ಸಸ್‌ನ ಟೊಪೀಕ ನಗರಕ್ಕೆ ಟಾರ್ನಡೊ ಬಂದ ಮೇಲೆ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೋಸೆಫ್ ಈಗಲ್‌ಮನ್ ಅನ್ನೋ ಪ್ರಾಧ್ಯಾಪಕರು ಬಿದ್ದ ಮನೆಗಳನ್ನೆಲ್ಲಾ ಸುತ್ತಿ ಯಾವ ಮೂಲೆ ಉಳಿದಿದೆ, ಎಲ್ಲಿ ಕಲ್ಲು ಮರ ಬಿದ್ದಿದೆ ಅಂತ ಲೆಕ್ಕ ಹಾಕಿದ್ರು. ನೈರುತ್ಯದ ಕಡೆಯೇ ಹೆಚ್ಚು ಅಪಾಯ ಅಂತ ಬಂತು, ಅಂದ್ರೆ ಅಷ್ಟು ವರ್ಷ ಜನಕ್ಕೆ ಹೇಳಿದ್ದು ಉಲ್ಟಾ. ದಿಕ್ಕು ಮರೆತುಬಿಡಿ. ಕೆಳಗೆ, ಒಳಗೆ, ಚಿಕ್ಕ ಜಾಗ, ಇಷ್ಟು ನೆನಪಿಟ್ಕೊಳ್ಳಿ.

ಪ್ರಶ್ನೆ: ಸುಂಟರಗಾಳಿ, ಚಂಡಮಾರುತ, ಟಾರ್ನಡೊ ಎಲ್ಲಾ ಒಂದೇನಾ? ಭಾರತದಲ್ಲಿ ಟಾರ್ನಡೊ ಆಗಿದೆಯಾ?

ಉತ್ತರ: ಚಂಡಮಾರುತ ಸಮುದ್ರದ ಮೇಲೆ ಹುಟ್ಟೋದು, ನೂರಾರು ಕಿ.ಮೀ. ಅಗಲ, ದಿನಗಟ್ಟಲೆ ಇರತ್ತೆ, ಬರೋದು ಮೊದಲೇ ಗೊತ್ತಾಗತ್ತೆ. ಟಾರ್ನಡೊ ಒಂದು ಗುಡುಗು ಮೋಡದ ಹೊಟ್ಟೆಯಿಂದ ನೆಲಕ್ಕೆ ಇಳಿಯೋ ಸುಳಿ, ಸಾಮಾನ್ಯವಾಗಿ ಕೆಲವು ನಿಮಿಷದ ಆಯಸ್ಸು. ನಮ್ಮ ಪತ್ರಿಕೆಗಳು ಟಾರ್ನಡೊಗೆ ಸುಂಟರಗಾಳಿ ಅಂತಲೇ ಬರೀತಾರೆ, ಆದ್ರೆ ಬೇಸಿಗೇಲಿ ಮೈದಾನದಲ್ಲಿ ಧೂಳು ತರಗೆಲೆ ಎಬ್ಬಿಸ್ಕೊಂಡು ತಿರುಗೋ ಗಾಳಿಗೂ ಅದೇ ಹೆಸರು ಇರೋದ್ರಿಂದ ಗೊಂದಲ. ಆ ಧೂಳಿನ ಸುಳಿಗೆ ಮೋಡ ಬೇಡ, ಬಿಸಿಲು ಸಾಕು. ಭಾರತದಲ್ಲೂ ಆಗಿದೆ, 1978ರ ಮಾರ್ಚ್ 17ರಂದು ಉತ್ತರ ದೆಹಲೀಲಿ ಆದ ಟಾರ್ನಡೊದಲ್ಲಿ 28 ಜನ ಸತ್ತಿದ್ರು.

ಪ್ರಶ್ನೆ: ಟಾರ್ನಡೊ ಒಳಗೆ ಹೋಗಿ ಬದುಕಿ ಬಂದವರು ಇದ್ದಾರಾ? ಒಳಗೆ ಉಸಿರು ಕಟ್ಟತ್ತಾ?

ಉತ್ತರ: ಇದ್ದಾರೆ. 2006ರ ಮಾರ್ಚ್‌ನಲ್ಲಿ ಮಿಸೌರಿಯ ಒಂದು ಮೊಬೈಲ್ ಹೋಮ್‌ನಲ್ಲಿದ್ದ 19 ವರ್ಷದ ಹುಡುಗನ್ನ ಟಾರ್ನಡೊ ಎತ್ಕೊಂಡು ಹೋಗಿ 398 ಮೀಟರ್ ದೂರದ ಹುಲ್ಲುಗಾವಲಿಗೆ ಎಸೀತು. ಮನೆಯೊಳಗಿನ ದೀಪವೇ ತಲೆಗೆ ಬಡಿದು ಅವನಿಗೆ ಪ್ರಜ್ಞೆ ತಪ್ಪಿತ್ತು, ಎಚ್ಚರ ಆದಾಗ ಹುಲ್ಲಿನ ಮೇಲಿದ್ದ, ತಲೆಗೆ ಗಾಯ, ಉಳಿದಂತೆ ಕ್ಷೇಮ. ಮೆತ್ತನೆ ಹುಲ್ಲಿನ ಮೇಲೆ ಬಿದ್ದದ್ದು ಅವನ ಪುಣ್ಯ. ಇಂಥ ಕಥೆ ಬೇಗ ಹರಡತ್ತೆ, ಅದೇ ಥರ ಎಸೆಯಲ್ಪಟ್ಟು ಬದುಕದೇ ಇದ್ದವರ ಕಥೆ ಹೇಳೋಕೆ ಅವರೇ ಇರಲ್ಲ. ಅದನ್ನ ಮನಸ್ಸಲ್ಲಿಟ್ಟುಕೊಂಡೇ ಓದಬೇಕು.

ಉಸಿರಿನ ವಿಷಯಕ್ಕೆ ಬಂದ್ರೆ, 1928ರ ಜೂನ್‌ನಲ್ಲಿ ಕ್ಯಾನ್ಸಸ್‌ನ ಗ್ರೀನ್ಸ್‌ಬರ್ಗ್ ಹತ್ತಿರದ ಒಬ್ಬ ರೈತ ನೆಲಮಾಳಿಗೆ ಬಾಗಿಲಲ್ಲಿ ನಿಂತು ತನ್ನ ತಲೆ ಮೇಲೇ ಹಾದುಹೋದ ಸೊಂಡಿಲಿನ ಒಳಗೆ ನೋಡಿದ್ದಾಗಿ ಹೇಳಿದ್ದಾರೆ. ಒಳಗೆ ದುಂಡನೆ ಟೊಳ್ಳು, ಸುತ್ತ ತಿರುಗೋ ಮೋಡದ ಗೋಡೆ, ಗೋಡೆಯಿಂದ ಗೋಡೆಗೆ ಹಾರೋ ಮಿಂಚಿನ ಬೆಳಕು, ಬುಸುಗುಟ್ಟೋ ಶಬ್ದ, ಉಸಿರಾಡೋಕೆ ಕಷ್ಟ ಆಯ್ತು ಅಂತ. ಒತ್ತಡ ಅಷ್ಟು ಬಿದ್ರೂ ಸಾವಿಗೆ ಸಾಲೋಷ್ಟು ಗಾಳಿ ಕಮ್ಮಿ ಆಗಲ್ಲ, ಅದು ಎತ್ತರದ ಊರಿಗೆ ಹೋದ ಹಾಗೆ. ಉಸಿರು ಕಟ್ಟೋ ಅಪಾಯ ಹೆಚ್ಚು ಇರೋದು ಮಣ್ಣು, ಧೂಳು ಮೂಗು ಬಾಯಿಗೆ ತುಂಬೋದ್ರಿಂದ ಮತ್ತೆ ಗೋಡೆ ಎದೆ ಮೇಲೆ ಬಿದ್ದು ಅದುಮೋದ್ರಿಂದ. ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳೋದು ಸುಲಭದ ಉಪಾಯ.

ಪ್ರಶ್ನೆ: ಟಾರ್ನಡೊ ಹೋದ ಮೇಲೆ ಅಪಾಯ ಮುಗೀತು ಅಂತ ತಾನೇ? ನಾನು ನರ್ಸಿಂಗ್ ಓದ್ತಿದ್ದೀನಿ, ಗಾಯಗಳ ಬಗ್ಗೆ ಸ್ವಲ್ಪ ತಿಳಿಸಿ.

ಉತ್ತರ: ಮುಗಿಯಲ್ಲಮ್ಮಾ, ಗಾಯಗೊಳ್ಳೋರಲ್ಲಿ ಒಳ್ಳೇ ಪಾಲು ಆಮೇಲೇ ಗಾಯಗೊಳ್ಳೋದು. ಬರಿಗಾಲಲ್ಲಿ ಹೊರಗೆ ಬಂದು ಮೊಳೆ ತುಳಿಯೋದು ಬಹಳ ಸಾಮಾನ್ಯ, ಅದಕ್ಕೇ ಶೂ ಅಂದಿದ್ದು. ತುಂಡಾಗಿ ಬಿದ್ದ ಕರೆಂಟ್ ತಂತಿ, ಒಡೆದ ಗ್ಯಾಸ್ ಪೈಪು, ಕತ್ತಲಲ್ಲಿ ಯಾರೋ ಗೀರೋ ಬೆಂಕಿಕಡ್ಡಿ. ಕರೆಂಟ್ ಇಲ್ಲ ಅಂತ ಜನರೇಟರ್‌ನ ಮನೆ ಒಳಗೋ ಗ್ಯಾರೇಜಲ್ಲೋ ಓಡಿಸಿದ್ರೆ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ತುಂಬ್ಕೊಳ್ಳತ್ತೆ, ವಾಸನೆ ಇಲ್ಲ ಬಣ್ಣ ಇಲ್ಲ, ನಿದ್ದೇಲೇ ಪ್ರಾಣ ಹೋಗತ್ತೆ.

ಟಾರ್ನಡೊ ಗಾಯ ಮೇಲಿಂದ ನೋಡೋಕೆ ಚಿಕ್ಕದು, ಒಳಗೆ ಮಣ್ಣು, ಮರದ ಸಿಬಿರು, ಗಾಜಿನ ಪುಡಿ, ಹುಲ್ಲು ಒತ್ತಿ ತುಂಬಿರತ್ತೆ. ನೀವು ನರ್ಸ್ ಆಗೋರು, ಇದನ್ನ ಗಮನಿಸಿ: ಜಾಪ್ಲಿನ್‌ನಲ್ಲಿ ಗಾಯಗೊಂಡವರಲ್ಲಿ 13 ಜನಕ್ಕೆ ಕೆಲ ದಿನಗಳಲ್ಲಿ ಗಾಯ ಕಪ್ಪಾಗ್ತಾ, ಕೊಳೀತಾ ಹೋಯ್ತು. ಮಣ್ಣು ಮತ್ತೆ ಕೊಳೆತ ಮರದಲ್ಲಿರೋ ಒಂದು ಶಿಲೀಂಧ್ರ ಗಾಯದ ಆಳಕ್ಕೆ ಸೇರಿಬಿಟ್ಟಿತ್ತು. ಕೋವಿಡ್ ಟೈಮಲ್ಲಿ ಬ್ಲ್ಯಾಕ್ ಫಂಗಸ್ ಅಂತ ಕೇಳಿದ್ವಲ್ಲ, ಅದೇ ಜಾತಿ ಸೋಂಕು. ಸತ್ತ ಮಾಂಸವನ್ನ ಮತ್ತೆ ಮತ್ತೆ ಕತ್ತರಿಸಿ ತೆಗೀಬೇಕಾಯ್ತು, ಆದ್ರೂ ಐದು ಜನ ಉಳೀಲಿಲ್ಲ. ಅದಕ್ಕೇ ಇಂಥ ಗಾಯವನ್ನ ತೊಳೆದು ತಕ್ಷಣ ಹೊಲಿಗೆ ಹಾಕಿ ಮುಚ್ಚಬಾರದು ಅಂತ ವೈದ್ಯರು ಹೇಳೋದು, ಪೂರ್ತಿ ಸ್ವಚ್ಛ ಮಾಡಿ, ತೆರೆದಿಟ್ಟು, ಮತ್ತೆ ನೋಡಬೇಕು. ಟಿಟಿ ಇಂಜೆಕ್ಷನ್ ಮರೀಬಾರದು. ಅವಶೇಷದ ಕೆಳಗೆ ತುಂಬಾ ಹೊತ್ತು ಕೈಕಾಲು ಅದುಮಿ ಹೋಗಿದ್ದವರನ್ನ ಹೊರಗೆ ಎಳೆದ ಕೂಡಲೇ ಚೆನ್ನಾಗಿದ್ದಾರೆ ಅಂತ ಮನೆಗೆ ಕಳಿಸಬಾರದು, ಜಜ್ಜಿದ ಸ್ನಾಯುವಿನ ವಿಷ ರಕ್ತಕ್ಕೆ ಇಳಿದು ಕಿಡ್ನಿ, ಹೃದಯ ಕೈಕೊಡಬಹುದು.

ಮಕ್ಕಳ ವಿಷಯ ಯಾರೂ ಗಾಯ ಅಂತ ಬರ್ಕೊಳ್ಳಲ್ಲ. ಅಂಥದ್ದನ್ನ ಕಂಡ ಮಕ್ಕಳು ತಿಂಗಳುಗಟ್ಟಲೆ ಮೋಡ ಕವಿದ್ರೆ ಅಳ್ತಾವೆ, ಗಾಳಿ ಬೀಸಿದ್ರೆ ಬಾತ್‌ರೂಮಿಗೆ ಓಡ್ತಾವೆ. ಅದೂ ಗಾಯವೇ, ಅದಕ್ಕೂ ಆರೈಕೆ ಬೇಕು.

ಪ್ರಶ್ನೆ: ರಾತ್ರಿ ಮಲಗಿದಾಗ ಬಂದ್ರೆ ಏನು ಗತಿ?

ಉತ್ತರ: ಅದೇ ನನಗೂ ಹೆಚ್ಚು ಭಯ ಹುಟ್ಟಿಸೋದು. ರಾತ್ರಿ ಟಾರ್ನಡೊಗಳು ಜನರ ಪ್ರಾಣ ತೆಗೆಯೋ ಸಂಭವ ಹಗಲಿನದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. 2021ರ ಡಿಸೆಂಬರ್ 10ರ ರಾತ್ರಿ ಕೆಂಟಕಿಯ ಮೇಫೀಲ್ಡ್ ಮೇಲೆ ಹಾದುಹೋದ ಟಾರ್ನಡೊ ಒಂದೇ 57 ಜನರನ್ನ ಕೊಂದಿತು, ಕ್ರಿಸ್‌ಮಸ್‌ಗೆ ಮೊದಲ ಬಿರುಸಲ್ಲಿ ರಾತ್ರಿ ಪಾಳಿ ಕೆಲಸ ನಡೀತಿದ್ದ ಮೇಣದಬತ್ತಿ ಕಾರ್ಖಾನೆ ನೆಲಸಮ ಆಯ್ತು. ಆ ಬಿರುಗಾಳಿಯ ದಾರೀಲಿದ್ದ ಒಂದು ಮನೆಯ ಹಳೇ ಫೋಟೊ ಸುಮಾರು 200 ಕಿ.ಮೀ. ದೂರದ ಇಂಡಿಯಾನದಲ್ಲಿ ಮಾರನೇ ದಿನ ಬೆಳಿಗ್ಗೆ ಯಾರದೋ ಕಾರಿನ ಗಾಜಿಗೆ ಅಂಟಿಕೊಂಡಿತ್ತು, 1942ರಲ್ಲಿ ತೆಗೆದದ್ದು ಅಂತ ಹಿಂದೆ ಕೈಬರಹದಲ್ಲಿತ್ತು.

ಹೊರಗಿನ ಸೈರನ್ ಇರೋದು ಮನೆಯಿಂದ ಹೊರಗಿರೋರಿಗೆ ಅಂತ. ಬಾಗಿಲು ಹಾಕ್ಕೊಂಡು, ಫ್ಯಾನ್ ಹಾಕ್ಕೊಂಡು ಮಲಗಿದವರಿಗೆ ಅದು ಕೇಳಿಸತ್ತೆ ಅನ್ನೋ ಭರವಸೆ ಇಲ್ಲ. ಅಮೆರಿಕದಲ್ಲಿ ಹವಾಮಾನ ಇಲಾಖೆಯ ವಾರ್ನಿಂಗ್ ಬಂದ ಕೂಡಲೇ ತಾನಾಗೇ ಕಿರುಚೋ ವೆದರ್ ರೇಡಿಯೋ ಸಿಗತ್ತೆ, ಬ್ಯಾಟರಿ ಹಾಕಿ ತಲೆದೆಸೆಯಲ್ಲಿ ಇಟ್ಕೊಳ್ಳೋದು. ಫೋನಿಗೂ ಎಮರ್ಜೆನ್ಸಿ ಅಲರ್ಟ್ ಬರತ್ತೆ. ಮೊದಲ ಪತ್ರ ಬರೆದ ತಾಯಿಗೆ ಇನ್ನೊಂದು ಮಾತು: ಬೇಸಿಗೆ ಮಳೆಗಾಲ ಅಂತ ಇಲ್ಲ, ಏಪ್ರಿಲ್ ಮೇನಲ್ಲಿ ಇನ್ನೂ ಜಾಸ್ತಿ, ಮೋಡ ಕಟ್ಟಿದ ದಿನ ರಾತ್ರಿ ಫೋನ್ ಸೈಲೆಂಟಲ್ಲಿ ಹಾಕಿ ದಿಂಬಿನ ಕೆಳಗೆ ತಳ್ಳಿ ಮಲಗಬೇಡ, ಆ ಅಲರ್ಟ್ ಆಫ್ ಮಾಡಿಟ್ಟಿದ್ರೆ ನನ್ನ ಜತೆ ಮಾತಾಡ್ತಿರುವಾಗಲೇ ಆನ್ ಮಾಡು ಅಂತ ಮಗನಿಗೆ ಹೇಳಿ, ಆನ್ ಮಾಡಿದ್ನಾ ಅಂತ ಕೇಳಿ ಆಮೇಲೆ ಫೋನ್ ಇಡಿ.